ಪುಸ್ತಕ ಮುಚ್ಚಿ ಬರೆಯಿರಿ: ವಾಚನಾಲಯದ ಗೆಳೆಯರಿಗೊಂದು ಬಹಿರಂಗ ಪತ್ರ



ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ, ಬೆಂಗಳೂರಿನ ವಿಜಯನಗರದ ರೀಡಿಂಗ್ ರೂಮುಗಳಲ್ಲಿ, ಕಲಬುರಗಿ, ವಿಜಯಪುರ, ಶಿವಮೊಗ್ಗ, ಹಾಸನದ ಗ್ರಂಥಾಲಯಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಿಮ್ಮೆಲ್ಲರಿಗೆ ಈ ಪತ್ರ. ಕೆಎಎಸ್ಸೋ, ಪಿಎಸ್‌ಐಯೋ, ಪಿಡಿಒವೋ, ಎಫ್‌ಡಿಎಯೋ, ಶಿಕ್ಷಕರ ನೇಮಕಾತಿಯೋ, ಯಾವುದಕ್ಕೆ ಓದುತ್ತಿದ್ದೀರಿ ಎಂಬುದನ್ನು ನಾನು ಕೇಳುವುದಿಲ್ಲ. ಊರಿಗೆ ಹೋದಾಗೆಲ್ಲ ನಿಮಗೆ ಆ ಪ್ರಶ್ನೆ ಸಾಕುಬೇಕಾಗಿರುತ್ತದೆ. ಈ ನಾಡಿನಲ್ಲಿ ದಿನಕ್ಕೆ ಎಂಟು ಗಂಟೆ, ಹತ್ತು ಗಂಟೆ ಅಕ್ಷರದ ಮುಂದೆ ಕೂರುವವರು ಯಾರೆಂದು ಯೋಚಿಸಿದರೆ ನನ್ನ ಕಣ್ಣ ಮುಂದೆ ಬರುವವರು ನೀವು. ಓದುವ ಹವ್ಯಾಸ ಕಡಿಮೆಯಾಯಿತು ಎಂದು ವೇದಿಕೆಗಳ ಮೇಲೆ ಮರುಗುವವರು ನಿಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಓದುತ್ತಿರುವುದು ಓದೇ ಅಲ್ಲ, ಬರಿ ತಯಾರಿ ಎಂದು ಅವರ ಅನಿಸಿಕೆ. ನನಗೆ ಹಾಗನಿಸಿಲ್ಲ. ನಿಮ್ಮದು ಓದೇ, ಅದೂ ಬಹಳ ಕಷ್ಟದ ಓದು. ಅದು ನಿಮ್ಮದಾಗಿಯೇ ಉಳಿಯಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ಸಾರ್ವಜನಿಕ ಗ್ರಂಥಾಲಯವನ್ನು ನೆಚ್ಚಿಕೊಂಡು ಓದುತ್ತ ಬಂದವನು. ನಿಮ್ಮಂಥವರ ಪಕ್ಕದ ಕುರ್ಚಿಯಲ್ಲಿ ಕೂತು ಮೇಜಿನ ಮೇಲಿರುವುದನ್ನು ಕಂಡಿದ್ದೇನೆ. ನೀರಿನ ಬಾಟಲಿ, ಮೂರು ನಾಲ್ಕು ಬಣ್ಣದ ಹೈಲೈಟರು, ಹಳೆಯ ಪ್ರಶ್ನೆಪತ್ರಿಕೆಗಳ ಸಂಗ್ರಹ, ಆರರಿಂದ ಹತ್ತನೇ ತರಗತಿಯವರೆಗಿನ ಸಮಾಜ ವಿಜ್ಞಾನದ ಪುಸ್ತಕಗಳು, ಅವುಗಳ ಕೆಳಗೆ ಸ್ಪೈರಲ್ ಬೈಂಡು ಹಾಕಿಸಿದ ಝೆರಾಕ್ಸ್ ನೋಟ್ಸ್. ಯಾವುದೋ ವರ್ಷ ಪಾಸಾದವರೊಬ್ಬರ ಕೈಬರಹ ಅದು. ಪ್ರತಿಯ ಪ್ರತಿಯ ಪ್ರತಿಯಾಗಿ ಅಂಚಿನ ಅಕ್ಷರಗಳು ಅಳಿಸಿಹೋಗಿರುತ್ತವೆ. ಆ ಅಳಿಸಿದ ಅಕ್ಷರ ಏನಿದ್ದೀತೆಂದು ನೀವು ಸ್ನೇಹಿತರನ್ನು ಕೇಳಿ ಪೆನ್ಸಿಲಿನಲ್ಲಿ ತುಂಬಿಕೊಳ್ಳುತ್ತೀರಿ. ಈಗೀಗ ಅದೇ ನೋಟ್ಸ್ ಟೆಲಿಗ್ರಾಮ್ ಗುಂಪುಗಳಲ್ಲಿ ಪಿಡಿಎಫ್ ಆಗಿ ಬರುತ್ತದೆ, ಫೋನು ತುಂಬುವಷ್ಟು. ಅಷ್ಟೊಂದು ಕೈಗೆ ಬಂದಾಗ ಓದಿ ಮುಗಿದಷ್ಟೇ ನೆಮ್ಮದಿ ಆಗುತ್ತದೆ. ಆ ನೆಮ್ಮದಿಯ ಬಗ್ಗೆಯೇ ನನಗೆ ಕಳವಳ.

ಸಂತೆಗೆ ಹೊರಟವರು ಬರೆದುಕೊಂಡ ಚೀಟಿಯಲ್ಲಿ ಅವರ ಮನೆಯಲ್ಲಿ ಇಲ್ಲದ ಸಾಮಾನು ಮಾತ್ರ ಇರುತ್ತದೆ. ಅದನ್ನು ಹಿಡಿದು ನೀವು ಸಂತೆಗೆ ಹೋದರೆ ನಿಮ್ಮ ಅಡುಗೆ ಆಗುವುದಿಲ್ಲ. ಒಬ್ಬರ ನೋಟ್ಸ್ ಕೂಡ ಹಾಗೇ. ತಮಗೆ ಮೊದಲೇ ಗೊತ್ತಿದ್ದುದನ್ನು ಅವರು ಬರೆದಿಲ್ಲ. ಎರಡು ಹೆಸರುಗಳ ನಡುವೆ ಬಾಣದ ಗುರುತು ಹಾಕಿದ್ದಾರೆ. ಆ ಬಾಣದ ಅರ್ಥ ಅವರ ತಲೆಯಲ್ಲಿತ್ತು, ಪುಟದ ಮೇಲೆ ಇಲ್ಲ. ಯಾವ ಮಾತಿಗೆ ಎರಡು ಗೆರೆ ಎಳೆದಿದ್ದಾರೋ ಅದು ಅವರು ಮರೆಯುತ್ತಿದ್ದ ಮಾತು. ನೀವು ಮರೆಯುವುದು ಬೇರೆಯದೇ ಇರುತ್ತದೆ. ಬರೆದವರಿಗೆ ಆ ನೋಟ್ಸ್ ಉಪಯೋಗಕ್ಕೆ ಬಂದದ್ದು ನಿಜ, ಯಾಕೆಂದರೆ ಬರೆಯುವ ಕೆಲಸವನ್ನು ಅವರು ಮಾಡಿದ್ದರು. ಝೆರಾಕ್ಸ್ ಅಂಗಡಿಯಲ್ಲಿ ಆ ಕೆಲಸದ ಪ್ರತಿ ಸಿಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮಲ್ಲಿ ಬಹುತೇಕರಿಗೆ ಈ ಸಾಲು ಬಾಯಿಗೆ ಬರುತ್ತದೆ: ಮಿಲ್ಲರ್ ಸಮಿತಿ, 1918, ಹಿಂದುಳಿದ ವರ್ಗ, ವಿಶ್ವೇಶ್ವರಯ್ಯ ರಾಜೀನಾಮೆ. ನಾಲ್ಕು ತುಣುಕು, ನಡುವೆ ಮೂರು ಬಾಣ. ಬಹು ಆಯ್ಕೆಯ ಪ್ರಶ್ನೆಗೆ ಇದು ಸಾಕಾಗಬಹುದು. ಈಗ ಆ ಪುಟ ಮುಚ್ಚಿ, ಬಿಳಿ ಹಾಳೆಯ ಮೇಲೆ ಅದನ್ನೇ ಪೂರ್ತಿ ವಾಕ್ಯಗಳಲ್ಲಿ ಬರೆಯಲು ಕೂತುಕೊಳ್ಳಿ. ಮೊದಲ ವಾಕ್ಯದಲ್ಲೇ ಪೆನ್ನು ನಿಲ್ಲುತ್ತದೆ. ಸಮಿತಿಯನ್ನು ಕೇಳಿದವರು ಯಾರು? ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲಿಲ್ಲ ಎಂಬ ಅಹವಾಲು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮುಂದೆ ಹೋಯಿತು. ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. ಹಾಗಾದರೆ ಸಂಸ್ಥಾನವನ್ನು ಕಟ್ಟಲು ಅಷ್ಟು ದುಡಿದ ದಿವಾನ ವಿಶ್ವೇಶ್ವರಯ್ಯನವರು ಯಾಕೆ ಒಪ್ಪಲಿಲ್ಲ? ಅವರ ವಾದ ಏನಿತ್ತು? ಆ ವಾದದಲ್ಲಿ ಎಷ್ಟು ಹುರುಳಿತ್ತು, ಎಲ್ಲಿ ಅದು ಎದುರಿನವರ ನೋವನ್ನು ಕಾಣದೆ ಹೋಯಿತು? ಸಮಿತಿ ಹೇಳಿದ್ದಾದರೂ ಏನು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು. ಅಲ್ಲಿಂದ ನೇರ ಒಂದು ದಾರಿ ದೇವರಾಜ ಅರಸರ ಕಾಲದ ಹಾವನೂರು ಆಯೋಗದ ತನಕ, 1975ರ ಅದರ ವರದಿಯ ತನಕ ಬರುತ್ತದೆ. ಆ ದಾರಿ ಇವತ್ತು ನೀವು ಅರ್ಜಿಯಲ್ಲಿ ಮೀಸಲಾತಿ ವರ್ಗ ಎಂಬ ಕಾಲಮ್ಮನ್ನು ತುಂಬುವ ಜಾಗಕ್ಕೆ ಬಂದು ನಿಂತಿದೆ.

ನೋಡಿ, ನಾಲ್ಕು ತುಣುಕಿನ ಆ ಸಾಲು ನಿಮ್ಮ ಬದುಕಿನದೇ ಚರಿತ್ರೆ. ನಿಮ್ಮ ಅಜ್ಜನಿಗೆ ಯಾಕೆ ಸರ್ಕಾರಿ ಕಚೇರಿಯ ಮೆಟ್ಟಿಲು ದೂರವಿತ್ತು, ನಿಮಗೆ ಯಾಕೆ ಇವತ್ತು ಈ ಕುರ್ಚಿಯಲ್ಲಿ ಕೂರುವ ಧೈರ್ಯ ಬಂತು ಎಂಬುದು ಅದರೊಳಗಿದೆ. ಬಾಣದ ಗುರುತಿನಲ್ಲಿ ಅದು ಕಾಣುವುದಿಲ್ಲ. ನೀವೇ ವಾಕ್ಯ ಕಟ್ಟಲು ಹೊರಟಾಗ, ಒಂದು ವಾಕ್ಯದಿಂದ ಇನ್ನೊಂದಕ್ಕೆ ದಾಟಲಾಗದೆ ತಡೆದು ನಿಂತಾಗ, ಏನು ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಮತ್ತೆ ಪುಸ್ತಕ ತೆರೆಯಲು ಒಂದು ಕಾರಣ ಸಿಗುತ್ತದೆ. ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ: ಪುಸ್ತಕ ತೆರೆದಿಟ್ಟುಕೊಂಡು ನೋಟ್ಸ್ ಮಾಡಬೇಡಿ. ಓದಿ, ಮುಚ್ಚಿ, ಆಮೇಲೆ ಬರೆಯಿರಿ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ, ಪರೀಕ್ಷೆ ಮಾಡಿ ನೋಡಿದ ಸಂಗತಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತಿತ್ತು. ನಿಮಗೆ ಮರೆಯುತ್ತದೆ ಎಂದರೆ ನಿಮ್ಮ ತಲೆಯಲ್ಲಿ ಕೊರತೆ ಇದೆ ಎಂದಲ್ಲ, ಎಲ್ಲ ಮನುಷ್ಯರದೂ ಅದೇ ಸ್ಥಿತಿ. ಇನ್ನೊಂದು ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡು ಸಲ ಓದಿಸಿದರು; ಕೆಲವನ್ನು ಒಂದು ಸಲ ಓದಿಸಿ, ಎದುರಿಗೆ ಏನೂ ಇಲ್ಲದೆ ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ ಭಾಗಗಳೇ ಹೆಚ್ಚು ನೆನಪಿದ್ದವು. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು: ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇಕಡ 42, ಮುಚ್ಚಿ ಬರೆದದ್ದರಲ್ಲಿ ಶೇಕಡ 56.

ಐದು ನಿಮಿಷಕ್ಕೂ ಒಂದು ವಾರಕ್ಕೂ ನಡುವಿನ ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿ. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, ಇದು ನನಗೆ ಬರುತ್ತದೆ ಅನಿಸುತ್ತದೆ. ಅದು ಆ ಗಳಿಗೆಗೆ ಸುಳ್ಳೂ ಅಲ್ಲ. ಆದರೆ ನಿಮ್ಮ ಪರೀಕ್ಷೆ ಐದು ನಿಮಿಷಕ್ಕೆ ಇರುವುದಿಲ್ಲ, ಆರು ತಿಂಗಳಿಗೋ ವರ್ಷಕ್ಕೋ ಇರುತ್ತದೆ. ಮುಚ್ಚಿ ಬರೆಯುವಾಗ ತಡವರಿಸುತ್ತೀರಿ, ಅರ್ಧ ಪುಟಕ್ಕೇ ಬೇಸರವಾಗುತ್ತದೆ, ಪಕ್ಕದವರು ಆಗಲೇ ಮೂರು ಅಧ್ಯಾಯ ದಾಟಿರುತ್ತಾರೆ. ಆ ತಡವರಿಕೆಯಲ್ಲೇ ಕಲಿಕೆ ನಡೆಯುತ್ತಿರುತ್ತದೆ. ಹೈಲೈಟರ್ ವಿಚಾರ ಹೇಳಿಬಿಡುತ್ತೇನೆ: ಓದುವ ವಿಧಾನಗಳ ಮೇಲೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ ನೋಡಿದ 2013ರ ಒಂದು ದೊಡ್ಡ ಸಮೀಕ್ಷೆ ಗೆರೆ ಎಳೆಯುವುದನ್ನೂ ಮತ್ತೆ ಮತ್ತೆ ಓದುವುದನ್ನೂ ಕಡಿಮೆ ಪ್ರಯೋಜನದ ಪಟ್ಟಿಗೆ ಸೇರಿಸಿತು. ಮೇಲಿನ ಸ್ಥಾನ ಸಿಕ್ಕಿದ್ದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದಕ್ಕೆ, ಮತ್ತು ಒಂದೇ ದಿನ ಮುಗಿಸದೆ ದಿನಗಳ ಅಂತರ ಕೊಟ್ಟು ಓದುವುದಕ್ಕೆ. ಕೈಯಲ್ಲಿ ಬರೆಯಬೇಕೋ ಲ್ಯಾಪ್‌ಟಾಪಿನಲ್ಲಿ ಬರೆಯಬೇಕೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ, ಸಂಶೋಧಕರಲ್ಲೇ ಒಮ್ಮತವಿಲ್ಲ. ನಿಮ್ಮ ಮಟ್ಟಿಗೆ ಉತ್ತರ ಸರಳ: ಮುಖ್ಯ ಪರೀಕ್ಷೆಯನ್ನು ನೀವು ಪೆನ್ನಿನಲ್ಲಿ ಬರೆಯಬೇಕು. ಯುಪಿಎಸ್‌ಸಿಯ ಒಂದು ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಮೂರು ಗಂಟೆಗೆ 20 ಪ್ರಶ್ನೆ, ಒಂದಕ್ಕೆ ಒಂಬತ್ತು ನಿಮಿಷ. ಪಿಎಸ್‌ಐ ಪರೀಕ್ಷೆಯಲ್ಲಿ ಪ್ರಬಂಧ, ಸಾರಾಂಶ, ಭಾಷಾಂತರ ಬರೆಸುತ್ತಾರೆ. ಕೈಗೆ ವಾಕ್ಯ ಕಟ್ಟುವ ರೂಢಿ ಇಲ್ಲದಿದ್ದರೆ ಆ ಹೊತ್ತಿಗೆ ಅದು ಬರುವುದಿಲ್ಲ.

ಪುಟದ ಫೋಟೊ ತೆಗೆದುಕೊಳ್ಳುವ ಅಭ್ಯಾಸವೂ ಇದೆಯಲ್ಲ? ಅಪರೂಪದ ಪುಸ್ತಕಕ್ಕೆ ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ಫೋಟೊ ತೆಗೆದ ಪುಟಕ್ಕೆ ಮತ್ತೆ ಮರಳುವವರು ಕಡಿಮೆ. ಅದೇ ದಿನ ರಾತ್ರಿ ಆ ಫೋಟೊದಿಂದ ಎರಡು ವಾಕ್ಯ ಬರೆದುಕೊಂಡು ಫೋಟೊ ಅಳಿಸಿಬಿಡಿ. ಉಳಿದ ಪುಟ ಮತ್ತೆ ಬೇಕಾದಾಗ ಗ್ರಂಥಾಲಯ ಎಲ್ಲಿಗೂ ಹೋಗುವುದಿಲ್ಲ.

ಟಿಪ್ಪಣಿ ಬರೆದವರ ದೊಡ್ಡ ಪರಂಪರೆಯೇ ನಮ್ಮಲ್ಲಿದೆ. ಅದರ ಬಗ್ಗೆ ನಿಮಗೆ ಪ್ರಶ್ನೆ ಬರುವುದು ಒಂದು ಅಂಕಕ್ಕೆ: ಕನ್ನಡ ಇಂಗ್ಲಿಷ್ ನಿಘಂಟನ್ನು ರಚಿಸಿದವರು ಯಾರು? ಫರ್ಡಿನೆಂಡ್ ಕಿಟ್ಟೆಲ್, 1894, ಮಂಗಳೂರು, ಸುಮಾರು 70,000 ಶಬ್ದ. ಗೆಳೆಯರೇ, ಒಮ್ಮೆ ಆ ನಿಘಂಟನ್ನು ಕಪಾಟಿನಿಂದ ಇಳಿಸಿ ತೆರೆದು ನೋಡಿ. ಶಬ್ದದ ಅರ್ಥದ ಪಕ್ಕದಲ್ಲಿ ಚಿಕ್ಕ ಚಿಕ್ಕ ಸಂಕೇತಾಕ್ಷರಗಳಿವೆ: ಈ ಶಬ್ದ ಯಾವ ಗ್ರಂಥದಲ್ಲಿ ಸಿಕ್ಕಿತು, ಯಾವ ಸೀಮೆಯ ಜನರ ಬಾಯಲ್ಲಿ ಕೇಳಿಬಂತು ಎಂದು. ನಡುನಡುವೆ ಗಾದೆಗಳಿವೆ. 1853ರಲ್ಲಿ ಈ ನೆಲಕ್ಕೆ ಬಂದು ಇಳಿದ ಮನುಷ್ಯ ದಶಕಗಳ ಕಾಲ ಕೇಳಿದ್ದನ್ನೂ ಓದಿದ್ದನ್ನೂ ಹೀಗೆ ಗುರುತು ಹಾಕುತ್ತ ಹೋದದ್ದರಿಂದ ಆ ಪುಸ್ತಕ ಇವತ್ತಿಗೂ ನಿಂತಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ ಹೊರಬರಲು 1970ರಿಂದ 1995ರ ತನಕ ಹಿಡಿಯಿತು. ಅದರ ಹಿಂದೆ ಶಾಸನ, ಕಾವ್ಯ, ಶಾಸ್ತ್ರಗ್ರಂಥಗಳಿಂದ ಎತ್ತಿಕೊಂಡ ಪ್ರಯೋಗಗಳ ಚೀಟಿಗಳು ರಾಶಿ ರಾಶಿ ಇದ್ದವು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಆ ಕೆಲಸದಲ್ಲಿ ದುಡಿದು, ಆಮೇಲೂ ಓದುಗರ ಶಬ್ದಸಂದೇಹಗಳಿಗೆ ವರ್ಷಗಟ್ಟಲೆ ಪತ್ರಿಕೆಯಲ್ಲಿ ಉತ್ತರ ಬರೆದರು, ನೂರೇಳು ವರ್ಷ ಬಾಳಿದರು. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೂರು ಸಂಪುಟಗಳಲ್ಲಿ ಸಾವಿರಕ್ಕೂ ಹೆಚ್ಚು ಕವಿಗಳ ವಿವರ ಇದೆ. ಇವರೆಲ್ಲ ಮಾಡಿದ್ದು ಒಂದೇ: ಸಿಕ್ಕಿದ್ದನ್ನು ಎಲ್ಲಿ ಸಿಕ್ಕಿತು ಎಂಬುದರೊಂದಿಗೆ ಬರೆದಿಟ್ಟುಕೊಂಡದ್ದು.

ನಿಮ್ಮ ನೋಟ್ಸಿನಲ್ಲಿ ಇದೊಂದು ಇರುವುದಿಲ್ಲ. ಯಾವ ಪುಸ್ತಕ, ಯಾವ ಪುಟ, ಯಾವ ದಿನದ ಪತ್ರಿಕೆ, ಏನೂ ಇಲ್ಲ. ಹಾಗಾಗಿ ಎರಡು ನೋಟ್ಸಿನಲ್ಲಿ ಎರಡು ಇಸವಿ ಬಂದಾಗ ಯಾವುದು ಸರಿ ಎಂದು ಗುಂಪಿನಲ್ಲಿ ಮತ ಹಾಕಿ ತೀರ್ಮಾನಿಸುವಂತಾಗುತ್ತದೆ. ಇಸವಿಯನ್ನು ಬಹುಮತದಿಂದ ನಿರ್ಧರಿಸಲಾಗದು. ಅಂಚಿನಲ್ಲಿ ಪುಸ್ತಕದ ಹೆಸರಿನ ಮೂರು ಅಕ್ಷರ, ಒಂದು ಪುಟಸಂಖ್ಯೆ, ಅಷ್ಟು ಸಾಕು. ನಾಳೆ ನೀವು ಅಧಿಕಾರಿಯಾಗಿ ಕಡತದ ಮೇಲೆ ಟಿಪ್ಪಣಿ ಬರೆಯುವಾಗಲೂ ಇದೇ ಅಭ್ಯಾಸ ಬೇಕಾಗುತ್ತದೆ. ಒಬ್ಬ ಬಡವನ ಜಮೀನಿನ ದಾಖಲೆ ಯಾವ ಪುಟದ ಆಧಾರದ ಮೇಲೆ ಯಾರ ಹೆಸರಿಗೆ ಹೋಯಿತು ಎಂದು ತೋರಿಸಲಾಗದ ಟಿಪ್ಪಣಿ ಎಷ್ಟು ಮನೆಗಳನ್ನು ಕೋರ್ಟಿಗೆ ಅಲೆಸಿದೆ ಎಂಬುದನ್ನು ಹಳ್ಳಿಯಿಂದ ಬಂದ ನಿಮಗೆ ನಾನು ಹೇಳಬೇಕಾಗಿಲ್ಲ.

ಚಾರ್ಲ್ಸ್ ಡಾರ್ವಿನ್ ತಮ್ಮ ಆತ್ಮಚರಿತ್ರೆಯಲ್ಲಿ ಒಂದು ರೂಢಿಯನ್ನು ಹೇಳಿಕೊಂಡಿದ್ದಾರೆ. ತಾವು ನಂಬಿದ್ದಕ್ಕೆ ವಿರುದ್ಧವಾದ ಸಂಗತಿಯೋ ವಿಚಾರವೋ ಎದುರಾದರೆ ತಡಮಾಡದೆ ಬರೆದಿಟ್ಟುಕೊಳ್ಳುತ್ತಿದ್ದರಂತೆ, ಯಾಕೆಂದರೆ ಮನಸ್ಸಿಗೆ ಹಿತವಾದದ್ದಕ್ಕಿಂತ ಅಂಥವು ಬೇಗ ಮರೆತುಹೋಗುತ್ತವೆ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಈ ರೂಢಿಯನ್ನು ನಿಮ್ಮ ನೋಟ್‌ಬುಕ್ಕಿಗೂ ತನ್ನಿ. ನಿಮ್ಮ ಪಕ್ಷ, ನಿಮ್ಮ ಜಾತಿ, ನಿಮ್ಮ ನಾಯಕರು, ನಿಮ್ಮ ಊರು ಇವುಗಳ ಬಗ್ಗೆ ನಿಮಗೆ ಒಪ್ಪದ ಸತ್ಯ ಓದಿನಲ್ಲಿ ಎದುರಾಗಿಯೇ ಆಗುತ್ತದೆ. ಅದಕ್ಕೆಂದೇ ಕೊನೆಯ ಕೆಲವು ಪುಟ ಮೀಸಲಿಡಿ. ಪರೀಕ್ಷೆಯ ಪ್ರಬಂಧಕ್ಕೆ ಅದರಿಂದ ಬಲ ಬರುತ್ತದೆ ಎಂಬುದು ಇರಲಿ. ಮುಂದೆ ನಿಮ್ಮ ಕೈಯಲ್ಲಿ ಅಧಿಕಾರ ಇರುತ್ತದೆ. ಎದುರಿಗೆ ನಿಂತವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಈ ಪುಟಗಳಲ್ಲಿ ಬೆಳೆಯುತ್ತದೆ ಎಂದು ನಾನು ನಂಬಿದ್ದೇನೆ.

ನಿಮ್ಮ ಎಷ್ಟೋ ರೀಡಿಂಗ್ ರೂಮುಗಳ ಗೋಡೆಯ ಮೇಲೆ ಅಂಬೇಡ್ಕರ್ ಅವರ ಚಿತ್ರವಿದೆ. ಅವರ ಓದಿನ ಒಂದು ಘಟನೆಯನ್ನು ನೆನೆಯುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1916ರಲ್ಲಿ ಲಂಡನ್ನಿಗೆ ಹೋದ ಅವರು, ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಅವರ ಪುಸ್ತಕಗಳು ಬೇರೊಂದು ಹಡಗಿನಲ್ಲಿ ಹೊರಟಿದ್ದವು. ಮೊದಲ ಮಹಾಯುದ್ಧದ ಕಾಲ. ಜರ್ಮನಿಯ ಜಲಾಂತರ್ಗಾಮಿ ಆ ಹಡಗನ್ನು ಮುಳುಗಿಸಿತು. ಹೊಟ್ಟೆಬಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು. 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದರು, ಮತ್ತೆ ಗ್ರಂಥಾಲಯಗಳಲ್ಲಿ ಕೂತರು, ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧ ಬರೆದು 1923ರಲ್ಲಿ ಡಿಎಸ್‌ಸಿ ಪದವಿ ಪಡೆದರು. ಹಡಗಿನೊಂದಿಗೆ ಮುಳುಗಿದ್ದು ಕಾಗದ. ಓದಿದ್ದನ್ನು ವಾದವಾಗಿ ಕಟ್ಟುವ ಶಕ್ತಿ ಬೇರೆ ಹಡಗಿನಲ್ಲಿ ಅವರೊಂದಿಗೇ ಬಂದಿತ್ತು. ಗೋಡೆಯ ಚಿತ್ರಕ್ಕೆ ಕೈಮುಗಿದು ಕೂರುವ ನೀವು ಆ ಶಕ್ತಿಯನ್ನು ಬೇರೆಯವರ ಝೆರಾಕ್ಸಿನಿಂದ ಪಡೆಯಲು ಹೊರಟಾಗ ನನಗೆ ಸಂಕಟವಾಗುತ್ತದೆ. ನಿಮ್ಮ ಮೇಲಿನ ಸಿಟ್ಟಲ್ಲ ಇದು. ನಿಮಗೆ ಅವಸರ ಹುಟ್ಟಿಸಿದವರು ಬೇರೆ ಇದ್ದಾರೆ. ಅಧಿಸೂಚನೆ ಯಾವಾಗ ಬಂದೀತು, ಬಂದದ್ದು ರದ್ದಾದೀತೇ, ವಯಸ್ಸಿನ ಮಿತಿ ಮೀರೀತೇ ಎಂಬ ಆತಂಕದ ನಡುವೆ ಯಾರಿಗಾದರೂ ಹತ್ತಿರದ ದಾರಿ ಬೇಕೆನಿಸುತ್ತದೆ.

ಗ್ರಂಥಾಲಯದ ಪುಸ್ತಕಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಈಚೆಗೆ ಸಂದರ್ಭಗ್ರಂಥಗಳ ಅಂಚುಗಳಲ್ಲಿ ಟಿಕ್ ಗುರುತು, ಪೆನ್ನಿನ ಗೆರೆ, ಉತ್ತರದ ಅಕ್ಷರ ತುಂಬಿಕೊಂಡಿರುತ್ತವೆ. ಮಾದರಿ ಪ್ರಶ್ನೆಪತ್ರಿಕೆಯ ಪುಸ್ತಕದಲ್ಲಿ ಉತ್ತರಕ್ಕೆ ವೃತ್ತ ಹಾಕಿಟ್ಟರೆ ಮುಂದಿನವರಿಗೆ ಆ ಪುಸ್ತಕ ಸತ್ತಂತೆಯೇ. ಅವರು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವ ಅವಕಾಶ ಹೋಯಿತು. ಕೆಲವೊಮ್ಮೆ ಪುಟವನ್ನೇ ಹರಿದುಕೊಂಡಿರುತ್ತಾರೆ. ನೀವು ಕೂತ ಕುರ್ಚಿ, ಉರಿಯುವ ದೀಪ, ಆ ಪುಸ್ತಕ, ಎಲ್ಲಕ್ಕೂ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಜನರ ಆಸ್ತಿ ತೆರಿಗೆಯ ಜೊತೆಗೇ ವಸೂಲಾಗುವ ಗ್ರಂಥಾಲಯ ಕರದ ಹಣ ಸೇರಿದೆ. ತಳ್ಳುಗಾಡಿಯ ದುಡಿಮೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡವರೂ ಆ ಕರ ಕಟ್ಟಿದ್ದಾರೆ, ಅವರ ಮಗಳು ಮುಂದಿನ ವರ್ಷ ನಿಮ್ಮ ಜಾಗದಲ್ಲಿ ಬಂದು ಕೂರುತ್ತಾಳೆ. ಗೆರೆ ಎಳೆಯಬೇಕೆನಿಸಿದಲ್ಲಿ ಒಂದು ತೆಳು ಚೀಟಿ ಇಡಿ, ಚೀಟಿಯ ಮೇಲೆ ನಿಮ್ಮ ಪ್ರಶ್ನೆ ಬರೆಯಿರಿ, ಪುಸ್ತಕ ಹಿಂತಿರುಗಿಸುವಾಗ ಚೀಟಿಗಳನ್ನು ಎತ್ತಿಕೊಳ್ಳಿ. ಆ ಚೀಟಿಗಳನ್ನು ಸಾಲಾಗಿ ಜೋಡಿಸಿಕೊಂಡರೆ ಅರ್ಧ ನೋಟ್ಸ್ ಆಯಿತು. ನಿಕ್ಲಾಸ್ ಲುಹ್ಮಾನ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞರು ಇಂಥ ಚೀಟಿಗಳನ್ನು ಸುಮಾರು 90,000 ಸೇರಿಸಿದ್ದರು. ಒಂದಕ್ಕೊಂದು ಸಂಖ್ಯೆಯಿಂದ ಕೊಂಡಿ ಹಾಕಿಟ್ಟು, ತಮ್ಮ ಪುಸ್ತಕಗಳನ್ನು ಆ ಪೆಟ್ಟಿಗೆಯ ನೆರವಿನಿಂದಲೇ ಬರೆದರು. ನಿಮಗೆ ಅಷ್ಟು ಬೇಡ. ಆದರೆ ಮಿಲ್ಲರ್ ಸಮಿತಿಯ ಚೀಟಿಯ ಮೂಲೆಯಲ್ಲಿ ಹಾವನೂರು ಆಯೋಗದ ಚೀಟಿಯ ಸಂಖ್ಯೆ ಬರೆದಿಟ್ಟ ದಿನ ಓದಿನ ರುಚಿಯೇ ಬೇರೆಯಾಗುತ್ತದೆ.

ಇನ್ನೊಂದು ಕೋರಿಕೆ ಇದೆ. ಪರೀಕ್ಷೆಗೆ ಸಂಬಂಧವೇ ಇಲ್ಲದ ಎರಡನೆಯ ನೋಟ್‌ಬುಕ್ ಒಂದನ್ನು ಇಟ್ಟುಕೊಳ್ಳಿ. ಜ್ಞಾನಪೀಠ ಪಡೆದ ಎಂಟು ಕನ್ನಡಿಗರ ಹೆಸರನ್ನು ನೀವು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೀರಿ, ಕುವೆಂಪು ಅವರಿಂದ ಕಂಬಾರರವರೆಗೆ. ಯಾವ ವರ್ಷ, ಯಾವ ಕೃತಿ ಎಂಬುದೂ ಬರುತ್ತದೆ. ಶಿವರಾಮ ಕಾರಂತರಿಗೆ 1977ರ ಪ್ರಶಸ್ತಿ, ಮೂಕಜ್ಜಿಯ ಕನಸುಗಳು. ಆ ಕಾದಂಬರಿ ನೀವು ಕೂತ ಜಾಗದಿಂದ ನಾಲ್ಕು ಕಪಾಟಿನಾಚೆ ಇರಬಹುದು. ಬಾಲ್ಯದಲ್ಲೇ ವಿಧವೆಯಾದ ಒಬ್ಬ ಮುದುಕಿ ತನ್ನ ಮೊಮ್ಮಗನೊಂದಿಗೆ ದೇವರ ಬಗ್ಗೆ, ಗಂಡುಹೆಣ್ಣಿನ ಬಗ್ಗೆ, ಸಾವಿರಾರು ವರ್ಷದ ಹಿಂದಿನ ಮನುಷ್ಯರ ಬಗ್ಗೆ ಮಾತಾಡುತ್ತ ಹೋಗುವ ಪುಸ್ತಕ. ಅದನ್ನು ಭಾನುವಾರದ ಮಧ್ಯಾಹ್ನಗಳಲ್ಲಿ ಓದಿ. ಅಜ್ಜಿಯ ಯಾವ ಮಾತು ನಿಮ್ಮ ಮನೆಯ ಹಿರಿಯರ ಮಾತಿಗೆ ಹತ್ತಿರವಿದೆ, ಯಾವುದನ್ನು ನೀವು ಒಪ್ಪುವುದಿಲ್ಲ ಎಂದು ಎರಡನೆಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಧಾರವಾಡದಲ್ಲಿರುವವರು ಒಂದು ಸಂಜೆ ಸುಭಾಷ್ ರಸ್ತೆಯ ಕಡೆ ಹೋಗಿ ಮನೋಹರ ಗ್ರಂಥಮಾಲೆಯ ಅಟ್ಟವನ್ನು ನೋಡಿ ಬನ್ನಿ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ ಅದು. ಬೇಂದ್ರೆ ಅದರ ಬೆನ್ನಿಗಿದ್ದರು. ಗಿರೀಶ ಕಾರ್ನಾಡರ ನಾಟಕಗಳು ಅಲ್ಲಿಂದಲೇ ಹೊರಬಂದವು. ನಿಮ್ಮ ನೋಟ್ಸಿನಲ್ಲಿ ಇಸವಿಗಳಾಗಿರುವ ಹೆಸರುಗಳು ಅಲ್ಲಿ ಹರಟೆ ಹೊಡೆದಿವೆ, ಜಗಳವಾಡಿವೆ, ಚಹಾ ಕುಡಿದಿವೆ. ಅಲ್ಲಿಂದ ಬಂದ ರಾತ್ರಿ ಪುಟವೊಂದು ತಾನಾಗಿ ತುಂಬುತ್ತದೆ.

ಈ ಎರಡನೆಯ ನೋಟ್‌ಬುಕ್ಕಿಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಒಂದು ಹುದ್ದೆಗೆ ನೂರಾರು ಜನ ಅರ್ಜಿ ಹಾಕುವ ಕಾಲದಲ್ಲಿ, ಇಷ್ಟು ಓದಿದ ನಿಮ್ಮಲ್ಲಿ ಬಹಳ ಮಂದಿಗೆ ನೌಕರಿ ಸಿಗುವುದಿಲ್ಲ. ಈ ಮಾತನ್ನು ಕೋಚಿಂಗ್ ಕೇಂದ್ರದ ಗೋಡೆಯ ಮೇಲೆ ಯಾರೂ ಬರೆಯುವುದಿಲ್ಲ. ಆದರೆ ನೀವೇ ರಾತ್ರಿ ಮಲಗುವ ಮುನ್ನ ಅದನ್ನು ಯೋಚಿಸುತ್ತೀರಿ ಎಂದು ನನಗೆ ಗೊತ್ತು. ಇಪ್ಪತ್ತೆರಡರಿಂದ ಮೂವತ್ತರವರೆಗಿನ ವರ್ಷಗಳು ಹಾಗಾದರೆ ವ್ಯರ್ಥವೇ ಎಂಬ ಪ್ರಶ್ನೆಯನ್ನು ಒಬ್ಬ ಹುಡುಗಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ನನಗೆ ಕೇಳಿದ್ದಳು. ಆಕೆಯ ಚೀಲದಲ್ಲಿದ್ದುದೆಲ್ಲ ಬೇರೆಯವರು ಬರೆದ ಕಾಗದ. ಎಂಟು ವರ್ಷದ ಓದಿನಲ್ಲಿ ತಾನು ಯಾವಾಗ ಏನು ಯೋಚಿಸಿದ್ದೆ ಎಂಬುದಕ್ಕೆ ಅವಳ ಬಳಿ ಒಂದು ಸಾಲೂ ಇರಲಿಲ್ಲ. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ಅವಳು ಸಿಕ್ಕರೆ ಒಂದು ಇನ್ನೂರು ಪುಟದ ನೋಟ್‌ಬುಕ್ ಅವಳ ಕೈಗಿಟ್ಟು, ಸಂವಿಧಾನದ ಬಗ್ಗೆ, ತುಂಗಭದ್ರೆಯ ನೀರಿನ ಬಗ್ಗೆ, ತನ್ನ ತಾಲ್ಲೂಕಿನ ಕೆರೆಗಳ ಬಗ್ಗೆ ಅವಳಿಗೆ ಎಷ್ಟು ಗೊತ್ತಿದೆಯೋ ಅಷ್ಟನ್ನೂ ಪುಸ್ತಕ ನೋಡದೆ ಬರೆ ಎನ್ನುತ್ತೇನೆ. ಅವಳಷ್ಟು ತಿಳಿದವರು ಅವಳ ಊರಿನಲ್ಲಿ ಬೇರೆ ಯಾರಿದ್ದಾರೆ? ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹಳ್ಳಿಹಳ್ಳಿಗಳಲ್ಲಿವೆ. ಅಲ್ಲಿಗೆ ಬರುವ ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಬಜೆಟ್ ಎಂದರೇನು, ಗ್ರಾಮಸಭೆಗೆ ಏನೇನು ಅಧಿಕಾರವಿದೆ ಎಂದು ಅರ್ಧ ಗಂಟೆ ನಿಂತು ಹೇಳಬಲ್ಲವರು ನೀವೇ. ಅದಕ್ಕೆ ನೇಮಕಾತಿ ಆದೇಶ ಬೇಕಿಲ್ಲ.

ಕೊನೆಗೆ, ಗುಂಪಾಗಿ ಓದುವವರಿಗೆ ಒಂದು ಸಲಹೆ. ವಾರಕ್ಕೊಮ್ಮೆ ನೀವು ಚಹಾ ಅಂಗಡಿಯ ಮುಂದೆ ನಿಂತು ನೋಟ್ಸ್ ಅದಲುಬದಲು ಮಾಡಿಕೊಳ್ಳುತ್ತೀರಲ್ಲ, ಆ ಹೊತ್ತನ್ನು ಬೇರೆ ಬಗೆಯಲ್ಲಿ ಬಳಸಿ ನೋಡಿ. ಕಾಗದ ಯಾರೂ ಕೊಡುವುದು ಬೇಡ. ಒಬ್ಬರು ಆ ವಾರ ಓದಿದ್ದರಲ್ಲಿ ಒಂದನ್ನು ಹತ್ತು ನಿಮಿಷ ಬಾಯಲ್ಲಿ ಹೇಳಲಿ, ಉಳಿದವರು ನಡುವೆ ತಡೆದು ಯಾಕೆ, ಹೇಗೆ, ಎಲ್ಲಿ ಓದಿದೆ ಎಂದು ಕೇಳಲಿ. ಹೇಳುವವರು ಎಲ್ಲಿ ತಡವರಿಸುತ್ತಾರೋ ಅದನ್ನು ಅವರೇ ಬರೆದುಕೊಂಡು ಮುಂದಿನ ವಾರ ಓದಿಕೊಂಡು ಬರಲಿ. ಮೊದಲ ಸರದಿಗೆ, ಅರ್ಥಶಾಸ್ತ್ರ ಕಂಡರೆ ಭಯಪಡುವ ಆ ಹಿಂದಿನ ಬೆಂಚಿನ ಗೆಳೆಯನನ್ನು ಕರೆಯಿರಿ. ಅವನಿಗೆ ತುಂಬ ಚೆನ್ನಾಗಿ ಗೊತ್ತಿರುವುದು ಏನಾದರೂ ಇದ್ದೇ ಇರುತ್ತದೆ. ರೇಷ್ಮೆ ಹುಳ ಸಾಕುವುದೋ, ಕಬ್ಬಿನ ಕಾರ್ಖಾನೆಯ ಬಾಕಿ ಲೆಕ್ಕವೋ, ಅಲ್ಲಿಂದಲೇ ಶುರುಮಾಡಲಿ.

ವಿಶ್ವಾಸದಿಂದ,
ನಿಮ್ಮ ಜೊತೆಯ ಒಬ್ಬ ಓದುಗ